ಕಾಲರ್ ಬೋನ್ ಮುರಿದ ಮೇಲೆ ಕೈ ಪೂರ್ತಿ ಮೇಲೆ ಹೋಗುತ್ತಾ?

ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದು ಎಡಗಡೆ ಕಾಲರ್ ಬೋನ್ (ಕತ್ತಿನ ಬುಡದಿಂದ ಹೆಗಲವರೆಗಿನ ಎಲುಬು) ಮಧ್ಯದಲ್ಲಿ ಮುರಿದುಕೊಂಡಿದ್ದಾನೆ. ತುಂಡುಗಳು ಒಂದರ ಮೇಲೊಂದು ಹತ್ತಿವೆ. ಒಬ್ಬ ಡಾಕ್ಟರ್ ಆಪರೇಷನ್ ಮಾಡಿ ಪ್ಲೇಟ್ ಹಾಕೋಣ ಅಂತಾರೆ, ಇನ್ನೊಬ್ಬರು ಸ್ಲಿಂಗ್ (ಕೈಯನ್ನು ಕತ್ತಿಗೆ ತೂಗುಹಾಕುವ ಪಟ್ಟಿ) ಸಾಕು ಅಂತಾರೆ. ಅವನದು ಪೇಂಟಿಂಗ್ ಕೆಲಸ, ಕೈ ಎತ್ತದೆ ಗತಿಯಿಲ್ಲ. ಅನುಭವ ಇರುವವರು ಹೇಳಿ.

ಪ್ಲೇಟ್ ಹಾಕಿಸಿಕೊಂಡವರು: ನನಗೆ ಕೈ ಪೂರ್ತಿ ಎತ್ತಲು ಬರುತ್ತದೆ. ಅಟ್ಟದ ಡಬ್ಬಿ ನಾನೇ ಇಳಿಸುತ್ತೇನೆ. ಆದರೆ ಗಾಯದ ಕೆಳಗೆ ಅಂಗೈಯಗಲ ಜಾಗ ಮರಗಟ್ಟಿದೆ. ಅಲ್ಲಿ ಹಾದುಹೋಗುವ ಚರ್ಮದ ನರಗಳಿಗೆ ಆಪರೇಷನ್‌ನಲ್ಲಿ ಪೆಟ್ಟಾಗುವುದು ಸಾಮಾನ್ಯವಂತೆ, ಚಲನೆಗೆ ಅಡ್ಡಿಯಿಲ್ಲ. ಪ್ಲೇಟ್ ಚರ್ಮದಡಿಯಲ್ಲೇ ಉಬ್ಬಿರುತ್ತದೆ, ಬ್ಯಾಗಿನ ಪಟ್ಟಿ ಸರಿಯಾಗಿ ಅದರ ಮೇಲೇ ಕೂರುತ್ತದೆ. ನಿಮ್ಮ ತಮ್ಮ ಹೆಗಲ ಮೇಲೆ ಏಣಿ ಹೊರುವವನಾದರೆ ಇದನ್ನು ಯೋಚಿಸಿ. ಮೂಳೆ ಗಟ್ಟಿಯಾದ ಮೇಲೆ ಪ್ಲೇಟ್ ತೆಗೆಸಬಹುದು, ಆದರೆ ಅದಕ್ಕೆ ಇನ್ನೊಂದು ಆಪರೇಷನ್.

ಧಾರವಾಡದಿಂದ: ನಮ್ಮಮ್ಮನಿಗೆ ಸ್ಲಿಂಗ್ ಮಾತ್ರ. ಮೂಳೆ ಕೂಡಿತು, ಒಂದು ಗಂಟು ಉಳಿದಿದೆ. ತೊಂದರೆ ಬಂದದ್ದು ಕೀಲಿನಲ್ಲಿ. ಅಮ್ಮನಿಗೆ ಶುಗರ್ ಬೇರೆ. ಡಾಕ್ಟರ್ ಸ್ಲಿಂಗ್ ಬಿಚ್ಚಿ ಅಂದ ಮೇಲೂ ಕೈಯನ್ನು ಸೆರಗಿನೊಳಗೆ ಮಡಚಿಕೊಂಡೇ ಓಡಾಡಿದರು. ಎಕ್ಸ್‌ರೇ ನೋಡಿದರೆ ಎಲ್ಲ ಸರಿ, ಜಡೆ ಹಾಕಿಕೊಳ್ಳಲು ಹೋದರೆ ಕೈ ತಲೆಯ ಹಿಂದೆ ಹೋಗದು. ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲು ಬಿಗಿದುಕೊಂಡಿದೆ ಅಂದರು. ಅದು ಬಿಡಲು ಮೂಳೆ ಕೂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಕಾಲ ಹಿಡಿಯಿತು.

ಫಿಸಿಯೋಥೆರಪಿ ಮಾಡುವವರು: ಕೈಯನ್ನು ಎದೆಗೂಡಿಗೆ ಜೋಡಿಸುವ ಎಲುಬು ಇದೊಂದೇ. ಕೈ 180 ಡಿಗ್ರಿ ಎತ್ತಿದಾಗ ಸುಮಾರು 120 ತೋಳಿನ ಕೀಲಿನದು, ಉಳಿದ 60 ಬೆನ್ನಿನ ಮೇಲಿನ ಹೆಗಲ ಹಲಗೆ ತಿರುಗಿ ಬರುವಂಥದ್ದು. ಆ ಹಲಗೆಗೆ ಕಾಲರ್ ಬೋನೇ ಊರುಗೋಲು. ಕೈ ಮೇಲೇರಿದಂತೆ ಅದೂ ಏಳುತ್ತದೆ, ಹಿಂದಕ್ಕೆ ಹೊರಳುತ್ತದೆ. ಮುರಿದಾಗ ಕತ್ತಿನ ಸ್ನಾಯು ಒಳತುಂಡನ್ನು ಮೇಲೆಳೆಯುತ್ತದೆ, ಕೈಯ ಭಾರ ಹೊರತುಂಡನ್ನು ಕೆಳಗೆ ಜಗ್ಗುತ್ತದೆ. ಎಲುಬು ಗಿಡ್ಡವಾಗಿಯೇ ಕೂಡಿದರೆ ಹಲಗೆ ಮುಂದಕ್ಕೆ ವಾಲುತ್ತದೆ. ಆಗಲೂ ಹೆಚ್ಚಿನವರಿಗೆ ಕೈ ಮೇಲೆ ಹೋಗುತ್ತದೆ. ಆದರೆ ಮೇಲೆ ಹಿಡಿದೇ ಕೆಲಸ ಮಾಡಿದರೆ ಕೆಲವರಿಗೆ ಬೇಗ ಸೋಲು ಬರುತ್ತದೆ. ಸೀಲಿಂಗಿಗೆ ರೋಲರ್ ಹಿಡಿಯುವವನಿಗೆ ಚಿಂತೆ ಇದೇ ಅಲ್ವಾ?

ಹಾಗಾಗಿ ಡಾಕ್ಟರಿಗೆ ಮೊದಲು ಕೇಳಬೇಕಾದ್ದು, ‘ಎಷ್ಟು ಗಿಡ್ಡವಾಗಿದೆ?’ ಸುಮಾರು 2 ಸೆಂ.ಮೀ. ಗಿಡ್ಡವಾಗಿದ್ದರೆ ಪ್ಲೇಟಿನ ಕಡೆ ಒಲವು ಜಾಸ್ತಿ. ತುಂಡುಗಳು ಪೂರ್ತಿ ಸರಿದ ಮುರಿತ ಇದ್ದ 132 ಜನರ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ಲೇಟ್ ಹಾಕಿಸಿಕೊಂಡವರ ಕೈ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಮೂಳೆ ಕೂಡದೆ ಉಳಿದವರೂ ಕಡಿಮೆ. ಆಮೇಲಿನ ಕೆಲವು ಅಧ್ಯಯನಗಳಲ್ಲಿ ವರ್ಷದ ಹೊತ್ತಿಗೆ ಕೈಯ ಚಲನೆ, ಬಲ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮ. ಅದಕ್ಕೇ ನಿಮ್ಮ ಇಬ್ಬರು ಡಾಕ್ಟರುಗಳ ಮಾತು ಬೇರೆ ಬೇರೆ. ಇಬ್ಬರೂ ಸುಮ್ನೆ ಹೇಳುತ್ತಿಲ್ಲ.

ಕೋಲಾರದಿಂದ: ಪುತ್ತೂರು ಕಟ್ಟು (ಆಂಧ್ರದ ಪುತ್ತೂರಿನ ನಾಟಿ ಮೂಳೆಕಟ್ಟು) ಹಾಕಿಸಿ. ನಮ್ಮ ಕಡೆ ಎಲ್ಲರೂ ಅಲ್ಲಿಗೇ ಹೋಗೋದು.

ಫಿಸಿಯೋಥೆರಪಿ ಮಾಡುವವರು: ಈ ಎಲುಬನ್ನು ಯಾವ ಕಟ್ಟೂ ಅಲುಗದಂತೆ ಹಿಡಿಯಲಾರದು, ಉಸಿರೆಳೆದರೂ ಮಿಸುಕುತ್ತದೆ. ಎರಡೂ ಹೆಗಲನ್ನು ಹಿಂದಕ್ಕೆಳೆದು ಕಟ್ಟುವ ಎಂಟರ ಆಕಾರದ ಬೆಲ್ಟ್ ಕೂಡ ಸಾದಾ ಸ್ಲಿಂಗಿಗಿಂತ ಮೇಲಲ್ಲ, ಕಂಕುಳಲ್ಲಿ ಕೊರೆಯುವುದು ಬೇರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಏಣಿ ಹತ್ತುವುದು ಯಾವಾಗ?

ಫಿಸಿಯೋಥೆರಪಿ ಮಾಡುವವರು: ಬೆರಳು, ಮಣಿಕಟ್ಟು, ಮೊಣಕೈ ಇವತ್ತಿನಿಂದಲೇ ಆಡಿಸಲಿ. ಡಾಕ್ಟರ್ ಒಪ್ಪಿದ ಮೇಲೆ ಸೊಂಟ ಬಗ್ಗಿಸಿ ಕೈಯನ್ನು ತೂಗಾಡಿಸುವುದು. ಹೆಗಲ ಮಟ್ಟ ದಾಟಿಸುವುದು ಸಾಮಾನ್ಯವಾಗಿ 6 ವಾರದ ಆಸುಪಾಸಿನಲ್ಲಿ: ಗೋಡೆಯ ಮೇಲೆ ಬೆರಳು ನಡೆಸುತ್ತಾ, ದಿನಾ ಸ್ವಲ್ಪ ಮೇಲಕ್ಕೆ. ಏಣಿ, ಬಕೆಟ್ ಎಲ್ಲ 3 ತಿಂಗಳ ಹೊತ್ತಿಗೆ, ಅದೂ ಎಕ್ಸ್‌ರೇ ನೋಡಿ. ಬೀಡಿ ಸಿಗರೇಟ್ ಇದ್ದರೆ ಬಿಡಿಸಿ, ಮೂಳೆ ಕೂಡುವುದು ತಡವಾಗುತ್ತದೆ. ಮುರಿದ ತುದಿಯ ಮೇಲೆ ಚರ್ಮ ಬಿಗಿದು ಬಿಳಿಚಿಕೊಂಡಿದ್ದರೆ, ಅಥವಾ ಕೈ ಜೋಮು ಹಿಡಿದು ತಣ್ಣಗಾಗಿದ್ದರೆ ನಾಳೆಯವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ.