ಅಪ್‌ಡೇಟ್: ಸ್ಟೀಲ್ ಹಾರ್ಡ್‌ಟೇಲ್ ರೇಸಿಗೆ ಸಜ್ಜಾಗಿದೆ

ನನ್ನ ಹಳೆಯ ಕ್ರೋಮೋಲಿ ಸ್ಟೀಲ್ ಫ್ರೇಮಿನ 29 ಇಂಚಿನ ಚಕ್ರದ ಹಾರ್ಡ್‌ಟೇಲನ್ನು (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್ ಸೈಕಲ್) ಕ್ರಾಸ್ ಕಂಟ್ರಿ ರೇಸಿಗೆ ಸಜ್ಜುಗೊಳಿಸಲು ಮೊದಲು ಯಾವ ಭಾಗಕ್ಕೆ ಹಣ ಹಾಕಬೇಕೆಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಫ್ರೇಮ್ ಹಾಗೆಯೇ ಇರಲಿ, ಚಕ್ರಗಳಿಂದ ಆರಂಭಿಸಿ ಎಂದು ಹೆಚ್ಚಿನವರು ಸೂಚಿಸಿದ್ದಿರಿ.

ಟ್ಯೂಬ್‌ಲೆಸ್ ಮಾಡಿಸಿದ್ದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಬಂಡೆಯಂಚಿಗೆ ಬಡಿದು ಟ್ಯೂಬ್ ಸೀಳಬಹುದೆಂದು ಹೆದರಿ 32 ಪಿಎಸ್‌ಐ ಗಾಳಿ ತುಂಬುತ್ತಿದ್ದ ನಾನು ಈಗ ಹಿಂದೆ 23, ಮುಂದೆ 21ರಲ್ಲಿ ಓಡಿಸುತ್ತಿದ್ದು, ಬೆಂಗಳೂರಿನ ತುರಹಳ್ಳಿಯ ಸಡಿಲ ಜಲ್ಲಿಯ ಏರಿನಲ್ಲಿ ಹಿಂಚಕ್ರ ಜಾರುವುದು ಬಹಳಷ್ಟು ಕಡಿಮೆಯಾಗಿದೆ.

ಗೇರಿನ ವಿಷಯದಲ್ಲಿ ಮಾತ್ರ ಎಡವಿದೆ. 12 ಸ್ಪೀಡಿನ ಶಿಮಾನೊ 10-51 ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ; 10ರಿಂದ 51 ಹಲ್ಲು) ತರಿಸಿದ ಮೇಲಷ್ಟೇ ಅದಕ್ಕೆ ಮೈಕ್ರೋ ಸ್ಪ್ಲೈನ್ ಮಾದರಿಯ ಫ್ರೀಹಬ್ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕೆಂಬುದು ತಿಳಿಯಿತು. ನನ್ನ ಹಬ್‌ನಲ್ಲಿದ್ದುದು ಹಳೆಯ ಎಚ್‌ಜಿ ಮಾದರಿ. ಆ ಕ್ಯಾಸೆಟನ್ನು ಹಿಂತಿರುಗಿಸಿ, ಎಚ್‌ಜಿ ಮೇಲೆಯೇ ಕೂರುವ ಡಿಯೋರ್ 11 ಸ್ಪೀಡಿನ 11-51 ಹಾಕಿಸಿದೆ. ಮುಂದೆ, ಪೆಡಲ್ ಬಳಿ, 32 ಹಲ್ಲಿನ ಒಂದೇ ಚೈನ್‌ರಿಂಗ್ ಇದೆ.

ಫೋರ್ಕಿನ ಟ್ರಾವೆಲನ್ನು (ಮುಂದಿನ ಸಸ್ಪೆನ್ಷನ್ ಕುಗ್ಗುವ ಉದ್ದ) 120 ಮಿ.ಮೀ.ಗೆ ಏರಿಸುವ ಸಲಹೆಯನ್ನು, ಕೊಟ್ಟವರು ಬೇಸರಿಸಬಾರದು, ನಾನು ಒಪ್ಪಲಿಲ್ಲ. 100 ಮಿ.ಮೀ.ಗೆಂದೇ ರೂಪಿಸಿದ ಫ್ರೇಮಿಗೆ 20 ಮಿ.ಮೀ. ಸೇರಿಸಿದರೆ ಹೆಡ್ ಟ್ಯೂಬಿನ (ಫೋರ್ಕ್ ಕೂರುವ ಮುಂದಿನ ಕೊಳವೆ) ಕೋನ ಸುಮಾರು ಒಂದು ಡಿಗ್ರಿ ಇಳಿಯುವುದಲ್ಲದೆ, ಸೀಟೂ ಹಿಂದಕ್ಕೆ ವಾಲಿ ಕಡಿದಾದ ಏರಿನಲ್ಲಿ ಮುಂಚಕ್ರ ಎದ್ದೇಳತೊಡಗುತ್ತದೆ; ಹೆಚ್ಚು ಏರಿರುವ ಓಟಕ್ಕೆ ಅದು ನಷ್ಟವೇ.

ಒಟ್ಟು ತೂಕ 12.9 ಕಿಲೋದಿಂದ 12.1ಕ್ಕೆ ಇಳಿದಿದೆ. ಮಳೆಗಾಲಕ್ಕೆ ಮುನ್ನ ಸೀಟ್‌ಪೋಸ್ಟ್ ತೆಗೆದು ಕೊಳವೆಗಳ ಒಳಗೆ ತುಕ್ಕು ನಿರೋಧಕ ಸಿಂಪಡಿಸುವುದೊಂದು ಬಾಕಿಯಿದೆ.