ಬಾನೆಟ್ ಅಂಚಲ್ಲಿ 14 ಚುಕ್ಕೆ: ಈಗಿನ ಕಾರಿನ ಪೇಂಟ್ ಇಷ್ಟೇನಾ?

ಪ್ರಶ್ನೆ, ಮಡಿಕೇರಿಯ ಟೀಚರ್:
ಪೇಂಟರ್ ಅಣ್ಣ, ನಮ್ಮದು ಕಡು ಕೆಂಪು ಕಾರು, ತಗೊಂಡು ಎಂಟು ತಿಂಗಳು. ವಾರಕ್ಕೆರಡು ಸಲ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಿ ಬರ್ತೇನೆ. ರಸ್ತೆ ರಿಪೇರಿ ಆದ ಕಡೆ ಬಿಡಿ ಜಲ್ಲಿ ಹಾಗೇ ಬಿದ್ದಿರುತ್ತೆ, ಮುಂದೆ ಟಿಪ್ಪರ್ ಇದ್ದರಂತೂ ಕೇಳೋದೇ ಬೇಡ. ಮೊನ್ನೆ ಕಾರು ತೊಳೆದು ಎಣಿಸಿದೆ, ಬಾನೆಟ್ ಮುಂಭಾಗದಲ್ಲೇ 14 ಚುಕ್ಕೆ. ಸರ್ವಿಸ್‌ನವರು ಕಲ್ಲೇಟು ವಾರಂಟಿಗೆ ಬರಲ್ಲ, ಬಾನೆಟ್ ಪೂರ್ತಿ ಪೇಂಟ್ ಮಾಡಿಸಿ ಅಂತಾರೆ. ಮಾಡಿಸಲಾ?

ಉತ್ತರ, ಕುಶಾಲನಗರದ ಪೇಂಟರ್:
ಬೇಡ ಟೀಚರ್. ಪೇಂಟ್ ಮಾಡೋದೇ ನನ್ನ ಹೊಟ್ಟೆಪಾಡು, ಆದರೂ ಬೇಡ ಅಂತೀನಿ.

ಕಾರ್ಖಾನೆಯಲ್ಲಿ ಬರೀ ತಗಡಿನ ಬಾಡಿಯನ್ನ ಮೊದಲು ಕರೆಂಟ್ ಹರಿಸಿದ ಪೇಂಟ್ ತೊಟ್ಟಿಯಲ್ಲಿ ಮುಳುಗಿಸ್ತಾರೆ. ತುಕ್ಕು ತಡೆಯೋ ಪದರ ಅದೇ, ಸುಮಾರು 20 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಅನ್ನೋ ಬಣ್ಣವಿಲ್ಲದ ಹೊಳಪಿನ ಪದರ. ಬಣ್ಣದ ಪದರವೇ ಎಲ್ಲಕ್ಕಿಂತ ತೆಳು, 15 ಮೈಕ್ರಾನ್ ಆಸುಪಾಸು. ಎಲ್ಲ ಸೇರಿಸಿದರೂ 100ರಿಂದ 120. ತಲೆಗೂದಲು 70 ಮೈಕ್ರಾನ್ ಅಂದ್ಕೊಳ್ಳಿ, ಎರಡು ಕೂದಲು ಒಂದರ ಮೇಲೊಂದು ಇಟ್ಟಷ್ಟೂ ದಪ್ಪ ಇಲ್ಲ. ಆದರೆ ಅದನ್ನ ಕಾಯಿಸಿ ಗಟ್ಟಿ ಮಾಡೋದು 140 ಡಿಗ್ರಿಗೂ ಮೇಲೆ. ನಮ್ಮ ಪೇಂಟ್ ಹೊಡೆಯೋ ಬೂತಲ್ಲಿ 60 ಡಿಗ್ರಿ ದಾಟಿಸೋ ಹಾಗಿಲ್ಲ, ಕಾರಲ್ಲಿ ವೈರಿಂಗ್, ರಬ್ಬರ್, ಪ್ಲಾಸ್ಟಿಕ್ ಎಲ್ಲಾ ಕೂತಿರುತ್ತಲ್ಲ. ಹಾಗಾಗಿ ನಾನೆಷ್ಟೇ ಚೆನ್ನಾಗಿ ಹೊಡೆದರೂ ಕಂಪನಿ ಪೇಂಟಿನ ಹಿಡಿತ ಬರಲ್ಲ. ಕೆಳಗೆ ಪುಟ್ಟಿ ದಪ್ಪಗೆ ಬಿದ್ದಿದ್ದರೆ ಇನ್ನೂ ಕಷ್ಟ. ಈಗ ಸಾಸಿವೆಯಷ್ಟು ಕಿತ್ತಿರೋ ಕಲ್ಲು ಆಗ ಕಡಲೆಯಷ್ಟು ಅಗಲ ಚಕ್ಕೆ ಎಬ್ಬಿಸುತ್ತೆ.

ಗೋಣಿಕೊಪ್ಪದ ಹಿರಿಯರು:
ತಮ್ಮಾ, ನಮ್ಮ ತಂದೆಯ ಅಂಬಾಸಿಡರ್ ಮಾಕುಟ್ಟ ಘಾಟಿಯಲ್ಲೇ ಸವೆದದ್ದು. ಅದಕ್ಕೆ ಇಂಥ ಚುಕ್ಕೆ ನಾನು ಕಾಣಲಿಲ್ಲ. ಈಗಿನವರು ಪೇಂಟಲ್ಲಿ ಜಿಪುಣತನ ಮಾಡ್ತಿದ್ದಾರೆ ಅಷ್ಟೇ.

ಪೇಂಟರ್:
ಅಜ್ಜ, ನಿಮ್ಮ ಮಾತು ಪೂರ್ತಿ ತಪ್ಪೂ ಅಲ್ಲ. ಲೆಕ್ಕ ಹಾಕಿಯೇ ತೆಳುವಾಗಿ ಹೊಡೀತಾರೆ. ಆದರೆ ಅಂಬಾಸಿಡರ್‌ನ ಮೂತಿ ನೆನಪು ಮಾಡ್ಕೊಳ್ಳಿ. ಮುಂದೆ ಕ್ರೋಮ್ ಬಂಪರ್, ಅದರ ಮೇಲೆ ಲೋಹದ ಗ್ರಿಲ್. ಕಲ್ಲು ಮೊದಲು ಬಡಿಯೋ ಜಾಗದಲ್ಲಿ ಪೇಂಟೇ ಕಮ್ಮಿ. ಈಗ ಬಂಪರಿಂದ ಹಿಡಿದು ಮೂತಿ ಪೂರ್ತಿ ಪೇಂಟು. ಇನ್ನೊಂದು, ವೇಗ. 40ರಲ್ಲಿ ಹೋಗ್ತಿದ್ದವರು 80ರಲ್ಲಿ ಹೋದರೆ ಕಲ್ಲೇಟಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎದುರಿಂದ ಬರೋ ಟಿಪ್ಪರ್ ಚಕ್ರ ಹಾರಿಸಿದ ಕಲ್ಲಾದರೆ ಅದರ ವೇಗವೂ ಸೇರ್ಕೊಳ್ಳುತ್ತೆ. ತಂದೆಯವರು ಮಾಕುಟ್ಟದಲ್ಲಿ 80ರಲ್ಲಿ ಓಡಿಸಿರಲಿಕ್ಕಿಲ್ಲ ಅಲ್ವಾ!

ಈಗಿನ ಕ್ಲಿಯರ್ ಬಿಸಿಲಿಗೆ, ಹಕ್ಕಿ ಹಿಕ್ಕೆಗೆ, ಒರೆಸೋ ಬಟ್ಟೆಯ ಗೀರಿಗೆ ಹಳೇ ಪೇಂಟಿಗಿಂತ ಎಷ್ಟೋ ವಾಸಿ. ಗಟ್ಟಿ ಮಾಡಿದಷ್ಟೂ ಗೀರು ಕಮ್ಮಿ, ಆದರೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತೆ. ಹಳೇ ಕಾರಿನ ಬಣ್ಣ ನಾಲ್ಕು ವರ್ಷಕ್ಕೆ ಮಂಕಾಗಿ, ಪಾಲಿಷ್ ಹಾಕಿದರೆ ಬಟ್ಟೆಗೇ ಬರ್ತಿತ್ತು. ಅದನ್ನ ಯಾರೂ ನೆನಪಿಟ್ಕೊಳ್ಳಲ್ಲ.

ಸೋಮವಾರಪೇಟೆಯಿಂದ ಒಬ್ಬರು:
ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲ್ಲು ತಾಗಲ್ಲ ಅಂತಾರಲ್ಲ ಸರ್?

ಪೇಂಟರ್:
ಯಾರು ಅಂತಾರೋ ಅವರ ಹತ್ತಿರ ಬರೆಸ್ಕೊಳ್ಳಿ. ಅದು ಒಂದೆರಡು ಮೈಕ್ರಾನ್ ಪದರ. ಕೆಸರು ಬೇಗ ಜಾರುತ್ತೆ, ತೊಳೆಯೋದು ಸುಲಭ, ಅಷ್ಟೇ. ಕಲ್ಲು ತಡೆಯೋದು ಪಿಪಿಎಫ್ ಅನ್ನೋ ಪಾರದರ್ಶಕ ಫಿಲ್ಮ್. 150ರಿಂದ 200 ಮೈಕ್ರಾನ್ ದಪ್ಪ, ಪೆಟ್ಟು ಬಿದ್ದರೆ ರಬ್ಬರಿನ ಹಾಗೆ ಹೀರ್ಕೊಳ್ಳುತ್ತೆ. ದುಬಾರಿ. ಕಾರು ಪೂರ್ತಿ ಬೇಡ, ಬಂಪರ್ ಮತ್ತು ಬಾನೆಟ್ಟಿನ ಮುಂಭಾಗಕ್ಕೆ ಹಾಕಿಸಿದರೆ ಸಾಕು. ಚಕ್ರದ ಹಿಂದೆ ಮಡ್ ಫ್ಲ್ಯಾಪ್ ಇಲ್ಲದಿದ್ದರೆ ಮೊದಲು ಅದನ್ನ ಹಾಕಿಸಿ, ಬಾಗಿಲ ಕೆಳಗಿನ ಚುಕ್ಕೆಗಳು ನಿಮ್ಮ ಟೈರೇ ಎಸೆದ ಕಲ್ಲಿಂದ ಆಗೋದು.

ಟೀಚರ್, ನಿಮ್ಮ ವಿಷಯಕ್ಕೆ ಬರ್ತೀನಿ. ಚುಕ್ಕೆ ಯಾವ ಬಣ್ಣ ಅಂತ ಬೆಳಕಲ್ಲಿ ನೋಡಿ. ಬಿಳಿ ಅಥವಾ ಬೂದು ಆಗಿದ್ದರೆ ಪ್ರೈಮರ್‌ವರೆಗೆ ಮಾತ್ರ ಹೋಗಿದೆ, ಗಾಬರಿ ಬೇಡ. ಹೊಳೆಯೋ ತಗಡು ಕಂಡರೆ, ಕಂದು ಬಣ್ಣ ಇದ್ದರೆ ಬೇಗ ಮುಚ್ಚಬೇಕು. ಬಂಪರಲ್ಲಿ ಕಪ್ಪು ಕಂಡರೆ ಅದು ಪ್ಲಾಸ್ಟಿಕ್, ತುಕ್ಕಿನ ಮಾತೇ ಇಲ್ಲ. ಬಾನೆಟ್ಟಿಗೆ ಮ್ಯಾಗ್ನೆಟ್ ಇಟ್ಟೂ ನೋಡಿ. ಕೆಲವು ಕಾರಿಗೆ ಅಲ್ಯೂಮಿನಿಯಂ ಬಾನೆಟ್ ಇರುತ್ತೆ, ಅದಕ್ಕೆ ಕೆಂಪು ತುಕ್ಕು ಹಿಡಿಯಲ್ಲ.

ಬಾಗಿಲ ಕಂಬದಲ್ಲೋ ಬಾನೆಟ್ ಒಳಗೋ ಸ್ಟಿಕ್ಕರ್ ಮೇಲೆ ಪೇಂಟ್ ಕೋಡ್ ಇರುತ್ತೆ, ಅದೇ ನಂಬರಿನ ಟಚಪ್ ಪೇಂಟಿನ ಪುಟ್ಟ ಬಾಟಲಿ ತಗೊಳ್ಳಿ. ಜಾಗ ತೊಳೆದು ಒಣಗಿಸಿ, ವ್ಯಾಕ್ಸ್ ಜಿಡ್ಡು ಹೋಗೋ ಹಾಗೆ ಸ್ಪಿರಿಟ್‌ನಲ್ಲಿ ಒರೆಸಿ. ತುಕ್ಕಿದ್ದರೆ ಕೆರೆದು ತೆಗೆದು ಪ್ರೈಮರ್ ಇಡಿ. ಬಾಟಲಿ ಮುಚ್ಚಳದ ಬ್ರಷ್ ಬೇಡ, ಅದು ದೊಡ್ಡ ಬೊಟ್ಟು ಇಡುತ್ತೆ. ಹಲ್ಲುಕಡ್ಡಿಯ ತುದಿಯಲ್ಲಿ ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲ ಒಣಗಲು ಬಿಟ್ಟು. ಕೊನೆಗೆ ಕ್ಲಿಯರ್. ಹತ್ತಿರದಿಂದ ನೋಡಿದರೆ ಕಾಣುತ್ತೆ, ಮಿನುಗೋ ಮೆಟಾಲಿಕ್ ಬಣ್ಣ ಆದರೆ ಸ್ವಲ್ಪ ಕಪ್ಪಾಗಿಯೇ ಕಾಣುತ್ತೆ. ಕಾಣಲಿ ಬಿಡಿ.

ಸಿದ್ದಾಪುರದ ಅಕ್ಕ:
ನಾನು ನೇಲ್ ಪಾಲಿಷ್ ಹಚ್ಚಿದ್ದೆ, ಒಂದು ಮಳೆಗಾಲ ಕಳೀತು 😄

ಪೇಂಟರ್:
ಅಕ್ಕ, ಕಲರ್ ಇಲ್ಲದ್ದು ಹಚ್ಚಿದರೆ ತುರ್ತಿಗೆ ನಡೆಯುತ್ತೆ, ಬರೀ ತಗಡು ಬಿಡೋದಕ್ಕಿಂತ ಮೇಲು. ಜುಲೈಯಲ್ಲಿ ಮಡಿಕೇರಿಯಲ್ಲಿ ನಾನೇ ಕ್ಲಿಯರ್ ಹಚ್ಚಿದರೂ ಮಂಜಿನ ತೇವಕ್ಕೆ ಹಾಲು ಹಾಲಾಗಿಬಿಡುತ್ತೆ. ಅದಕ್ಕೇ ಕಾಫಿ ಕಣದಲ್ಲಿ ಒಣಗೋ ಈ ದಿನಗಳೇ ಸರಿ.

ಟೀಚರ್:
ಮ್ಯಾಗ್ನೆಟ್ ಹಿಡೀತು ಅಣ್ಣ. 14ರಲ್ಲಿ 11 ಬಿಳಿ, 3 ಕಂದು.

ಪೇಂಟರ್:
ಆ ಮೂರಕ್ಕೆ ಈ ಭಾನುವಾರವೇ ಕೈ ಹಾಕಿ. ಉಳಿದದ್ದು ಕಾಫಿ ಹೂ ಅರಳಿಸೋ ಹೂಮಳೆ ಕಳೆದ ಮೇಲೆ ಮಾಡಿದರೂ ಆಯ್ತು. ಅಷ್ಟರಲ್ಲಿ ಇನ್ನೂ ನಾಲ್ಕು ಸೇರಿರುತ್ತೆ, ಎಲ್ಲಾ ಒಟ್ಟಿಗೆ ಮುಗಿಸಿ.