‘ಸ್ಕೇಲ್’ ಒಂದೇ ಪದವೋ, ಮೂರೋ?

ಪ್ರಶ್ನೆ
ಇಂಗ್ಲಿಷ್ ನಿಘಂಟಿನಲ್ಲಿ ‘ಸ್ಕೇಲ್’ ಪದಕ್ಕೆ 1, 2, 3 ಎಂದು ಅಂಕಿ ಹಾಕಿ ಬೇರೆ ಬೇರೆ ನಮೂದು ಕೊಟ್ಟಿದ್ದಾರೆ: ತಕ್ಕಡಿ, ಮೀನಿನ ಹುರುಪೆ, ನಕ್ಷೆಯ ಪ್ರಮಾಣ. ಹುರುಪೆ ಬೇರೆ ಅಂದರೆ ಸರಿ. ತಕ್ಕಡಿ, ನಕ್ಷೆ ಎರಡೂ ಅಳತೆಗೆ ಸೇರಿದವಲ್ಲವೇ? ಅವನ್ನೇಕೆ ಒಡೆದಿದ್ದಾರೆ?

ಉತ್ತರ 1
ಇಂಥ ಅಂಕಿ ಹಾಕುವುದು ಅರ್ಥ ನೋಡಿ ಅಲ್ಲ, ಮೂಲ ನೋಡಿ. ಮೂಲ ನೋಡಿದರೆ ತಕ್ಕಡಿಗೆ ನೆಂಟಸ್ತಿಕೆ ಇರುವುದು ಹುರುಪೆಯ ಜೊತೆ, ನಕ್ಷೆಯ ಜೊತೆ ಅಲ್ಲ.

ತಕ್ಕಡಿಯ ‘ಸ್ಕೇಲ್’ ಹಳೆಯ ನಾರ್ಸ್ ಭಾಷೆಯ ‘ಸ್ಕಾಲ್’. ಅಂದರೆ ಬಟ್ಟಲು, ಕುಡಿಯುವ ಪಾತ್ರೆ. ಅದು ತಕ್ಕಡಿಯ ಒಂದು ತಟ್ಟೆಗೆ ಹೆಸರಾಯಿತು. ತಟ್ಟೆ ಎರಡಿರುವುದರಿಂದ ಇಡೀ ತಕ್ಕಡಿ ‘ಸ್ಕೇಲ್ಸ್’. ತಟ್ಟೆಯ ಸುಳಿವೇ ಇಲ್ಲದ ಡಿಜಿಟಲ್ ಯಂತ್ರವನ್ನೂ ಬ್ರಿಟಿಷರು ಬಹುವಚನದಲ್ಲೇ ಕರೆಯುತ್ತಾರೆ, ಅಮೆರಿಕನ್ನರಿಗೆ ಏಕವಚನ ಸಾಕು. ಸ್ಕ್ಯಾಂಡಿನೇವಿಯಾದಲ್ಲಿ ಲೋಟ ಎತ್ತಿ ಹೇಳುವ ‘ಸ್ಕೋಲ್’ ಕೂಡ ಇದೇ ಪದ.

ಹುರುಪೆಯದ್ದು ಹಳೆಯ ಫ್ರೆಂಚಿನಿಂದ ಬಂದದ್ದು; ಅಲ್ಲಿ ಚಿಪ್ಪು, ಸಿಪ್ಪೆ ಎಂಬ ಅರ್ಥ. ಫ್ರೆಂಚಿಗೆ ಅದು ಜರ್ಮ್ಯಾನಿಕ್ ಕಡೆಯಿಂದ ಬಂತು. ಬಟ್ಟಲು, ಚಿಪ್ಪು ಎರಡಕ್ಕೂ ಹಿಂದಿನ ಧಾತು ಒಂದೇ, ‘ಶೆಲ್’ ಕೂಡ ಆ ಕುಲದ್ದೇ.

ನಕ್ಷೆಯ ‘ಸ್ಕೇಲ್’ ಮಾತ್ರ ಹೊರಗಿನದು: ಲ್ಯಾಟಿನ್ನಿನ ‘ಸ್ಕಾಲಾ’, ಅಂದರೆ ಏಣಿ. ಏಣಿಯ ಮೆಟ್ಟಿಲಿನಂತೆ ಸಾಲಾಗಿ ಗುರುತು ಹಾಕಿದ್ದೆಲ್ಲ ಇದರ ಪಾಲು: ಗೆರೆ ಎಳೆಯುವ ಪಟ್ಟಿ, ಸಂಗೀತದ ಸ್ವರಶ್ರೇಣಿ, ವೇತನ ಶ್ರೇಣಿ, ಭೂಕಂಪದ ರಿಕ್ಟರ್ ಮಾಪಕ. ಗೋಡೆ ಹತ್ತುವುದಕ್ಕೂ ‘ಸ್ಕೇಲ್’ ಅನ್ನುವುದು ಇದರಿಂದಲೇ. ಎಸ್ಕಲೇಟರ್ ಇದರ ಮೊಮ್ಮಗು.

ಪ್ರಶ್ನೆ ಕೇಳಿದವರು
ಹಾಗಾದರೆ ‘ಸ್ಕೇಲ್ ಅಪ್’ ಏಣಿಯ ಗುಂಪಿಗೆ ಸೇರುತ್ತದೆ, ಅಲ್ಲವೇ?

ಉತ್ತರ 2
ಉತ್ಪಾದನೆ ಹೆಚ್ಚಿಸುವ ಮಾತಾದರೆ ಹೌದು. ಕೆಟಲ್ ‘ಸ್ಕೇಲ್ ಅಪ್’ ಆಗಿದೆ ಎಂದರೆ ಅದು ಹುರುಪೆಯ ಗುಂಪು. ಗಡಸು ನೀರು ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಒಳಗೋಡೆಗೆ ಬಿಳಿ ಪದರವಾಗಿ ಅಂಟುತ್ತದೆ, ಕೆರೆದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಅದನ್ನು ತೆಗೆಯುವುದು ‘ಡಿಸ್ಕೇಲ್’. ಆದರೆ ಮೀನಿನ ಹುರುಪೆ ತೆಗೆಯುವುದು, ಹಲ್ಲಿನ ಪಾಚಿಗಲ್ಲು ತೆಗೆಯುವುದು ಬರೀ ‘ಸ್ಕೇಲ್’! ಪದರ ಕಟ್ಟುವುದು, ಕೀಳುವುದು ಎರಡಕ್ಕೂ ಒಂದೇ ಕ್ರಿಯಾಪದ. ಅನುವಾದಿಸುವಾಗ ಕರ್ಮ ಯಾವುದೆಂದು ನೋಡದೆ ಮುಂದೆ ಹೋಗಬೇಡಿ.

ಉತ್ತರ 3
ನಕ್ಷೆಯ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ‘ಲಾರ್ಜ್ ಸ್ಕೇಲ್’ ನಕ್ಷೆ ಎಂದರೆ ದೊಡ್ಡ ಪ್ರದೇಶ ತೋರಿಸುವುದಲ್ಲ. ಪ್ರಮಾಣ ಒಂದು ಭಿನ್ನರಾಶಿ. 1:10,000 ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 100 ಮೀಟರ್, 1:10,00,000 ನಕ್ಷೆಯಲ್ಲಿ 10 ಕಿ.ಮೀ. ಹತ್ತು ಸಾವಿರದಲ್ಲೊಂದು ಪಾಲು ಹತ್ತು ಲಕ್ಷದಲ್ಲೊಂದಕ್ಕಿಂತ ದೊಡ್ಡದು, ಆದ್ದರಿಂದ ಮೊದಲನೆಯದೇ ‘ಲಾರ್ಜ್’. ಒಂದೇ ಅಳತೆಯ ಕಾಗದದಲ್ಲಿ ಅದು ತೋರಿಸುವ ಜಾಗ ಕಡಿಮೆ, ವಿವರ ಹೆಚ್ಚು. ಇದನ್ನು ‘ವಿಶಾಲ ಪ್ರದೇಶದ ನಕ್ಷೆ’ ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗು.